ಶಿಷ್ಯವೇತನವೆಂಬ ಹಂಗು

'ಶಿಷ್ಯವೇತನ' ಎಂಬ ಮಾತನ್ನು ಬಳಕೆಗೆ ತಂದವರು ಯಾರೇ ಆಗಿರಲಿ, ಬಲು ಜಾಣರು. ಹಣ ಸಾಲದು, ಏರಿಸಿ ಎಂದು ಕೇಳಿದರೆ 'ನೀನು ಶಿಷ್ಯನಲ್ಲವೇನಯ್ಯಾ' ಎನ್ನಬಹುದು. ತಂಗಿಯ ಮದುವೆಗೆ ನಾಲ್ಕು ದಿನ ರಜೆ ಕೊಡಿ ಎಂದರೆ 'ವೇತನ ಎಣಿಸಿಕೊಳ್ಳುವುದಿಲ್ಲವೇನಯ್ಯಾ' ಎನ್ನಬಹುದು. ದುಡಿಯುವಾಗ ನೌಕರ, ಕೇಳುವಾಗ ಶಿಷ್ಯ. ಒಂದೇ ಪದಕ್ಕೆ ಎರಡು ಬಾಗಿಲು. ಎರಡರ ಬೀಗದಕೈಯೂ ಸಂಸ್ಥೆಯವರ ಸೊಂಟದಲ್ಲಿ. ಸಂಶೋಧನಾ ವಿದ್ಯಾರ್ಥಿಗಳು ಸಂಘ ಕಟ್ಟಬೇಕು, ತಾವು ದುಡಿಯುವ ಸಂಸ್ಥೆಯೊಂದಿಗೆ ಕುಳಿತು ಮಾತಾಡಬೇಕು, ಆಡಿದ ಮಾತನ್ನು ಒಪ್ಪಂದವಾಗಿ ಬರೆಸಿಕೊಂಡು ಸಹಿ ಹಾಕಿಸಬೇಕು ಎಂಬುದು ಈ ಲೇಖನದ ವಾದ. ಇದನ್ನು ಕೇಳಿ ಮೂಗು ಮುರಿಯುವ ವಿದ್ವಾಂಸರು ನನ್ನ ಸ್ನೇಹಿತರಲ್ಲೇ ಇದ್ದಾರೆ. ಅವರಿಗೂ ಸೇರಿಯೇ ಬರೆಯುತ್ತಿದ್ದೇನೆ.

ಮೇಖ್ರಿ ವೃತ್ತದಿಂದ ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ಜ್ಞಾನದ ಒಂದು ಸಂತೆಯನ್ನೇ ದಾಟಿ ಹೋಗುತ್ತೇವೆ. ವೃತ್ತದ ಮಗ್ಗುಲಲ್ಲೇ ಸಿ.ವಿ. ರಾಮನ್ ಕಟ್ಟಿದ ಸಂಶೋಧನಾ ಸಂಸ್ಥೆ. ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ಮತ್ತು ಕೃಷಿ ವಿಶ್ವವಿದ್ಯಾನಿಲಯದ ಹಳೆಯ ಆವರಣ. ಮುಂದೆ ಹೋದರೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಅಂದರೆ ನಮ್ಮೆಲ್ಲರ ಜಿಕೆವಿಕೆ. ಅದರ ಒಳಗೇ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರ. ಜಕ್ಕೂರಿನಲ್ಲಿ 1989ರಲ್ಲಿ ಹುಟ್ಟಿದ ಜವಾಹರಲಾಲ್ ನೆಹರು ಉನ್ನತ ಕೇಂದ್ರ. ಪಶ್ಚಿಮಕ್ಕೆ ಹೊರಳಿದರೆ ಯಶವಂತಪುರಕ್ಕೂ ಮಲ್ಲೇಶ್ವರಕ್ಕೂ ನಡುವೆ 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆ; ನಮ್ಮ ಹಿರಿಯರ ಬಾಯಲ್ಲಿ ಇಂದಿಗೂ ಅದು ಟಾಟಾ ಇನ್‌ಸ್ಟಿಟ್ಯೂಟ್. ಮೈಸೂರು ಸಂಸ್ಥಾನ ಅದಕ್ಕೆ 370 ಎಕರೆಗೂ ಮಿಕ್ಕಿ ಜಮೀನು ಕೊಟ್ಟಿತು. ಈ ಕಟ್ಟಡಗಳಲ್ಲಿ ರಾತ್ರಿ ಹನ್ನೊಂದಕ್ಕೂ ದೀಪ ಉರಿಯುತ್ತದೆ. ಆ ಹೊತ್ತಿನಲ್ಲಿ ಒಳಗಿರುವವರು ಪ್ರೊಫೆಸರುಗಳಲ್ಲ. ಅವರು ಊಟ ಮುಗಿಸಿ ಮಲಗಿರುತ್ತಾರೆ.

ಒಳಗಿರುವವರು ಏನು ಮಾಡುತ್ತಾರೆಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಜಿಕೆವಿಕೆಯ ರಾಗಿ ತಾಕಿನಲ್ಲಿ ಇಬ್ಬನಿ ಆರುವ ಮುಂಚೆ ಇಳಿದು ತೆನೆ ಎಣಿಸುವವರು ಅವರು. ಬೆಂಕಿರೋಗ ತಟ್ಟಿದ ಗಿಡ ಯಾವುದು, ತಡೆದುಕೊಂಡದ್ದು ಯಾವುದು ಎಂದು ಪುಸ್ತಕದಲ್ಲಿ ಗುರುತು ಹಾಕುವವರು ಅವರು. ನಮ್ಮ ಹೊಲಗಳಿಗೆ ಬಂದ ಜಿಪಿಯು-28ರಂಥ ತಳಿಯ ಹಿಂದೆ ಇಂಥ ಎಷ್ಟೋ ಬೆಳಗುಗಳಿವೆ. ನವೆಂಬರಿನ ಕೃಷಿ ಮೇಳದಲ್ಲಿ ರೈತರ ಪ್ರಶ್ನೆಗೆ ಉತ್ತರಿಸುತ್ತ ಮಳಿಗೆಯಲ್ಲಿ ನಿಲ್ಲುವವರಲ್ಲಿ ಅವರಿದ್ದಾರೆ. ವಿಜ್ಞಾನ ಸಂಸ್ಥೆ ಬಾಗಿಲು ತೆರೆದು ಊರನ್ನೆಲ್ಲ ಕರೆಯುವ ದಿನ ಮಕ್ಕಳಿಗೆ ಯಂತ್ರ ತೋರಿಸುತ್ತ ಗಂಟಲು ಕಟ್ಟಿಸಿಕೊಳ್ಳುವವರೂ ಅವರೇ. ಕಿರಿಯರಿಗೆ ಪ್ರಯೋಗ ಕಲಿಸುವುದು, ಉತ್ತರಪತ್ರಿಕೆ ತಿದ್ದುವುದು, ಕೆಟ್ಟುನಿಂತ ಉಪಕರಣಕ್ಕೆ ಮೆಕ್ಯಾನಿಕ್ಕನ್ನು ಹುಡುಕುವುದು, ಪ್ರಾಜೆಕ್ಟಿನ ಲೆಕ್ಕದ ಬಿಲ್ಲು ಜೋಡಿಸುವುದು, ಗೈಡ್ ದೆಹಲಿಗೆ ಕಳಿಸುವ ವರದಿಯ ಕರಡು ಬರೆಯುವುದು, ಎಲ್ಲವೂ ಅವರ ಪಾಲಿನವು. ಪ್ರಬಂಧದ ಮೇಲೆ ಹೆಸರುಗಳು ಅಚ್ಚಾಗುತ್ತವೆ. ಅನುದಾನ ಸಂಸ್ಥೆಯ ಖಾತೆಗೆ ಬರುತ್ತದೆ. ರ‍್ಯಾಂಕಿಂಗ್ ಪಟ್ಟಿಯಲ್ಲಿ ಸಂಸ್ಥೆ ಮೇಲೇರುತ್ತದೆ. ಇದನ್ನೆಲ್ಲ 'ಕಲಿಕೆ' ಎಂದು ಕರೆದರೆ ಗಾರೆಕೆಲಸದವನು ಮನೆ ಕಟ್ಟುವುದನ್ನೂ ಕಲಿಕೆ ಎನ್ನಬೇಕು. ಅವನೂ ಪ್ರತಿ ಗೋಡೆಯಲ್ಲಿ ಏನಾದರೂ ಕಲಿಯುತ್ತಾನೆ. ಆದರೂ ಶನಿವಾರ ಸಂಜೆ ಬಟವಾಡೆ ಕೇಳುತ್ತಾನೆ.

ನಾನೂ ಎಂಬತ್ತರ ದಶಕದ ಕೊನೆಯಲ್ಲಿ ಈ ಭಾಗದ ಒಂದು ಸಂಸ್ಥೆಯಲ್ಲಿ ಸಂಶೋಧನೆ ಮಾಡಿದವನು. ಅದರ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೆ ಉಳಿದವು ಒಳ್ಳೆಯವೆಂದಾಗುತ್ತದೆ. ಆರ್.ಟಿ. ನಗರದ ಒಂದು ಕೋಣೆಯಲ್ಲಿ ನಾವು ಮೂವರಿದ್ದೆವು. ಒಂದು ಸಲ ಏಳು ತಿಂಗಳು ಹಣ ಬರಲಿಲ್ಲ. ಕೇಳಲು ಹೋದರೆ ಗುಮಾಸ್ತರು ತಲೆ ಎತ್ತದೆ 'ದೆಹಲಿಯಿಂದ ಬಂದಿಲ್ಲ' ಎನ್ನುವರು. ಅವರ ಸಂಬಳ ಯಾವ ತಿಂಗಳೂ ತಪ್ಪಿದ್ದಿಲ್ಲ. ಅದು ಎಲ್ಲಿಂದ ಬರುತ್ತದೆಂದು ಅವರು ಯೋಚಿಸುವ ಪ್ರಮೇಯವೂ ಬಂದಿದ್ದಿಲ್ಲ. ದಿನಸಿ ಅಂಗಡಿಯ ಶೆಟ್ಟರು ಕಡದ ಪುಸ್ತಕದಲ್ಲಿ ನಮ್ಮ ಪುಟ ತುಂಬಿ ಇನ್ನೊಂದು ಪುಟಕ್ಕೆ ಬಾಕಿ ಎಳೆದುಕೊಂಡು ಹೋದರು. ಗೌರಿಬಿದನೂರು ಸೀಮೆಯ ನಮ್ಮ ಹಳ್ಳಿಯಿಂದ ಅವ್ವ ಪಕ್ಕದ ಮನೆಯ ಹುಡುಗನ ಕೈಲಿ ಇನ್‌ಲ್ಯಾಂಡ್ ಪತ್ರ ಬರೆಸುತ್ತಿದ್ದಳು. ಪ್ರತಿ ಪತ್ರದ ಕೊನೆಗೂ ಒಂದೇ ಮಾತು: 'ಸಂಬಳ ಆಯ್ತೇನಪ್ಪಾ?' ಅದು ಸಂಬಳವಲ್ಲ, ಶಿಷ್ಯವೇತನ ಎಂದು ತಿದ್ದಿ ಬರೆಯಲು ನನಗೆ ಮನಸ್ಸಾಗಲಿಲ್ಲ. ಬೆಳಗಾದರೆ ಎದ್ದು ಹೋಗಿ, ಇರುಳಾದ ಮೇಲೆ ಬರುವ ಮಗ ಏನು ಮಾಡುತ್ತಿದ್ದಾನೆಂಬುದು ಓದುಬರಹ ಬಾರದ ಅವಳಿಗೆ ತಿಳಿದಿತ್ತು. ಸಂಸ್ಥೆಯ ಆಡಳಿತ ಮಂಡಳಿಗೆ ತಿಳಿದಿರಲಿಲ್ಲ.

ನನ್ನ ಜೊತೆಯವನೊಬ್ಬ ಗೈಡ್ ಮನೆಯ ಗ್ಯಾಸ್ ಸಿಲಿಂಡರಿಗಾಗಿ ಸಾಲಿನಲ್ಲಿ ನಿಲ್ಲುತ್ತಿದ್ದ. ಅವರ ಮಗಳ ಶಾಲೆಯ ಅರ್ಜಿ ತರಲು ನಸುಕಿನಲ್ಲಿ ಹೋಗಿದ್ದ. ಬೇಡ ಎನ್ನಲು ಬಾರದೆ ಅಲ್ಲ. ಅವನ ಹಣಕ್ಕೆ, ಅವನ ವರದಿಗೆ, ಅವನ ಪ್ರಬಂಧಕ್ಕೆ, ಮುಂದೆ ಕೆಲಸಕ್ಕೆ ಬೇಕಾದ ಶಿಫಾರಸು ಪತ್ರಕ್ಕೆ ಎಲ್ಲಕ್ಕೂ ಒಬ್ಬರದೇ ಸಹಿ ಬೇಕಿತ್ತು. ನಮ್ಮ ಹಳ್ಳಿಗಳಲ್ಲಿ ಹೊಲವೂ ಒಬ್ಬನದೇ, ಸಾಲ ಕೊಡುವವನೂ ಅವನೇ, ನ್ಯಾಯ ಹೇಳುವವನೂ ಅವನೇ ಆಗಿದ್ದರೆ ಅದಕ್ಕೊಂದು ಹೆಸರಿದೆ. ನಗರದಲ್ಲಿ, ಹವಾನಿಯಂತ್ರಿತ ಪ್ರಯೋಗಾಲಯದಲ್ಲಿ, ಅದೇ ಏರ್ಪಾಟಿಗೆ 'ಮಾರ್ಗದರ್ಶನ' ಎಂಬ ಹೆಸರು. ಒಳ್ಳೆಯ ಗೈಡುಗಳು ಇಲ್ಲವೆ? ಧಾರಾಳವಾಗಿ ಇದ್ದಾರೆ. ಒಳ್ಳೆಯ ಜಮೀನುದಾರರೂ ಇದ್ದರು. ಒಬ್ಬನ ಒಳ್ಳೆಯತನದ ಮೇಲೆ ನಿಂತ ಬದುಕು ಹಂಗಿನ ಬದುಕು. ಹಂಗಿಗೂ ಹಕ್ಕಿಗೂ ಇರುವ ವ್ಯತ್ಯಾಸ ತಿಳಿಯಲು ಪಿಎಚ್‌ಡಿ ಬೇಕಿಲ್ಲ.

ಹಣದ ಕತೆಯನ್ನು ಸ್ವಲ್ಪ ನೋಡೋಣ. ಕೇಂದ್ರದ ವಿಜ್ಞಾನ ಇಲಾಖೆಗಳು ಕೊಡುವ ಕಿರಿಯ ಸಂಶೋಧನಾ ವೇತನ 2010ರಲ್ಲಿ ತಿಂಗಳಿಗೆ 16,000 ರೂಪಾಯಿ. 2014ರ ಅಕ್ಟೋಬರಿನಲ್ಲಿ ಅದು 25,000 ಆಯಿತು. 2019ರ ಜನವರಿಯಿಂದ 31,000. 2023ರ ಜನವರಿಯಿಂದ 37,000, ಹಿರಿಯರಿಗೆ 42,000. ಏರಿಕೆಯ ನಡುವಿನ ಅಂತರ ನೋಡಿ: ಸುಮಾರು ನಾಲ್ಕು ವರ್ಷಕ್ಕೊಮ್ಮೆ. ಅದೂ ತಾನಾಗಿ ಬಂದದ್ದಲ್ಲ. 2018ರ ಕೊನೆಗೆ ದೇಶದ ಹಲವು ಊರುಗಳಲ್ಲಿ, ನಮ್ಮ ಬೆಂಗಳೂರಿನಲ್ಲೂ, ಸಂಶೋಧಕರು ಫಲಕ ಹಿಡಿದು ನಿಂತರು. ಕೇಳಿದ್ದು ಶೇಕಡ 80ರ ಏರಿಕೆ. 2019ರ ಜನವರಿಯಲ್ಲಿ ದೆಹಲಿಗೆ ಹೋದವರನ್ನು ಪೊಲೀಸರು ವ್ಯಾನಿಗೆ ಹತ್ತಿಸಿದರು. ಅದೇ ತಿಂಗಳ ಕೊನೆಯಲ್ಲಿ ಬಂದ ಆದೇಶ ಕೊಟ್ಟದ್ದು ಶೇಕಡ 24. ಬೀದಿಗಿಳಿಯುವುದು, ಸ್ವಲ್ಪ ಸಿಗುವುದು, ಪ್ರಯೋಗಾಲಯಕ್ಕೆ ಮರಳುವುದು, ಮತ್ತೆ ನಾಲ್ಕು ವರ್ಷ ಮೌನ. ಆ ಹೊತ್ತಿಗೆ ಫಲಕ ಹಿಡಿದವರು ಪದವಿ ಮುಗಿಸಿ ಎತ್ತಲೋ ಹೋಗಿರುತ್ತಾರೆ. ಹೊಸಬರು ಮೊದಲಿನಿಂದ ಶುರುಮಾಡಬೇಕು. ಸಂಘವಿಲ್ಲದ ಹೋರಾಟಕ್ಕೆ ನೆನಪಿರುವುದಿಲ್ಲ. ಸರ್ಕಾರಕ್ಕೆ ಇದು ಚೆನ್ನಾಗಿ ಗೊತ್ತು.

ಇದೇ ಸಂಸ್ಥೆಗಳಲ್ಲಿ ಕೇಂದ್ರ ಸರ್ಕಾರದ ಸಂಬಳ ಶ್ರೇಣಿಯಲ್ಲಿರುವವರಿಗೆ ಜನವರಿ ಮತ್ತು ಜುಲೈ, ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆ ಪರಿಷ್ಕರಣೆಯಾಗುತ್ತದೆ. 2019ರ ಜನವರಿಯಲ್ಲಿ ಆ ಭತ್ಯೆ ಮೂಲ ವೇತನದ ಶೇಕಡ 12 ಇತ್ತು. 2023ರ ಜನವರಿಗೆ ಶೇಕಡ 42. ಕೋವಿಡ್ ಕಾಲದಲ್ಲಿ ಒಂದೂವರೆ ವರ್ಷ ಅದನ್ನು ತಡೆಹಿಡಿದಿದ್ದೂ ಉಂಟು. ಆಮೇಲೆ ದರವನ್ನು ಸರಿದೂಗಿಸಿದರು. ಈ ಲೆಕ್ಕವನ್ನೇ ಸಂಶೋಧಕನಿಗೂ ಹಾಕಿದ್ದರೆ 31,000 ರೂಪಾಯಿ 2023ಕ್ಕೆ 39,300 ಆಗಬೇಕಿತ್ತು. ಆದದ್ದು 37,000. ಅದೇ 37,000ವನ್ನು ಅದೇ ಅಳತೆಯಲ್ಲಿ ಬೆಳೆಸಿದರೆ, ಭತ್ಯೆ ಶೇಕಡ 58 ಆದ 2025ರ ಜುಲೈ ಹೊತ್ತಿಗೆ 41,000 ದಾಟಬೇಕಿತ್ತು. ಅಕ್ಕಿಯ ಬೆಲೆ, ಗ್ಯಾಸಿನ ಬೆಲೆ ಪ್ರೊಫೆಸರ ಮನೆಗೊಂದು, ಸಂಶೋಧಕನ ಕೋಣೆಗೊಂದು ಇರುವುದಿಲ್ಲ. ಹಾಸ್ಟೆಲಿನಲ್ಲಿ ಜಾಗವಿಲ್ಲದೆ ಕೊಡಿಗೇಹಳ್ಳಿಯಲ್ಲೋ ಯಲಹಂಕ ನ್ಯೂಟೌನಿನಲ್ಲೋ ಮನೆ ಹುಡುಕುವವನಿಂದ ಮಾಲೀಕರು ಹತ್ತು ತಿಂಗಳ ಮುಂಗಡ ಕೇಳುವುದು ಬೆಂಗಳೂರಿನ ಸಂಪ್ರದಾಯ. ಅವರು ಶಿಷ್ಯನಿಗೆ ರಿಯಾಯಿತಿ ಕೊಡುವುದಿಲ್ಲ.

ಇದು ಅದೃಷ್ಟವಂತರ ಪಾಡು. ನೆಟ್, ಗೇಟ್ ದಾಟಿ ವೇತನ ಹಿಡಿದವರು ಒಂದು ಜಾತಿ. ಪ್ರಾಜೆಕ್ಟಿನ ಹಣದಲ್ಲಿ ಆರು ತಿಂಗಳಿಗೊಮ್ಮೆ ಆದೇಶ ನವೀಕರಿಸಿಕೊಳ್ಳುವವರು ಇನ್ನೊಂದು ಜಾತಿ. ರಾಜ್ಯ ವಿಶ್ವವಿದ್ಯಾನಿಲಯಗಳಲ್ಲಿ ಯಾವ ವೇತನವೂ ಇಲ್ಲದೆ, ಸಂಜೆ ಕಾಲೇಜಿನಲ್ಲಿ ಪಾಠ ಹೇಳಿ, ಟ್ಯೂಷನ್ ಮಾಡಿ ಪ್ರಬಂಧ ಬರೆಯುವವರು ಮೂರನೆಯವರು. ನೆಟ್ ಇಲ್ಲದವರಿಗೆ ಕೇಂದ್ರೀಯ ವಿಶ್ವವಿದ್ಯಾನಿಲಯಗಳಲ್ಲಿ ಸಿಗುತ್ತಿದ್ದ 8,000 ರೂಪಾಯಿಯನ್ನೂ 2015ರಲ್ಲಿ ನಿಲ್ಲಿಸಲು ಯುಜಿಸಿ ಹೊರಟಾಗ ದೆಹಲಿಯಲ್ಲಿ ವಿದ್ಯಾರ್ಥಿಗಳು ಅದರ ಕಚೇರಿಯ ಮುಂದೆ ರಾತ್ರಿಹಗಲು ಕೂತರು. ಕೂತದ್ದರಿಂದ ಉಳಿಯಿತು. ಈ ಮೂರೂ ಜಾತಿಯವರು ಒಂದೇ ಮೇಜಿನ ಮುಂದೆ ನಿಂತು ಒಂದೇ ಕೆಲಸ ಮಾಡುವುದನ್ನು ನಾನು ನೋಡಿದ್ದೇನೆ.

ಈಗ ಯಶವಂತಪುರಕ್ಕೆ ಬನ್ನಿ. ವಿಜ್ಞಾನ ಸಂಸ್ಥೆಯಿಂದ ಅಷ್ಟೇನೂ ದೂರವಿಲ್ಲದ ಎಪಿಎಂಸಿ ಯಾರ್ಡಿನಲ್ಲಿ ಈರುಳ್ಳಿ ಮೂಟೆ ಇಳಿಸುವ ಹಮಾಲಿಗೆ ಮೂಟೆಗೆ ಇಷ್ಟು ಎಂದು ದರವಿದೆ. ದರ ಏರಬೇಕಾದರೆ ಹಮಾಲರ ಸಂಘದವರು, ವರ್ತಕರು, ಮಾರುಕಟ್ಟೆ ಸಮಿತಿಯವರು ಕುಳಿತು ಜಗ್ಗಾಡುತ್ತಾರೆ. ಹಮಾಲಿಗೆ ವರ್ತಕ ಗುರುವಲ್ಲ. ಅದರಿಂದಲೇ ಅವನಿಗೆ ದರ ಕೇಳುವ ಧೈರ್ಯ. ಅಲ್ಲಿಂದ ಜಾಲಹಳ್ಳಿಗೆ ಹೋದರೆ ಎಚ್‌ಎಂಟಿ ಮತ್ತು ಬಿಇಎಲ್ ಬೆಳೆದ ನೆಲ. 1980ರ ಡಿಸೆಂಬರಿನಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು, ಬಿಎಚ್‌ಇಎಲ್‌ನವರಿಗೆ ಸಮನಾದ ಸಂಬಳ ಬೇಕೆಂದು ಯಂತ್ರ ನಿಲ್ಲಿಸಿದರು. 77 ದಿನ ಮುಷ್ಕರ. ಬೇಡಿಕೆ ಪೂರ್ತಿ ಈಡೇರಲಿಲ್ಲ ನಿಜ. ಆದರೆ ಆ ಕಾರ್ಖಾನೆಗಳಲ್ಲಿ ಸಂಬಳವೆಂಬುದು ಮಾತುಕತೆಯಿಂದ ಗೊತ್ತಾಗುವ ವಿಷಯ, ಅದು ಕಾಗದದ ಮೇಲೆ ಇರಬೇಕಾದ ವಿಷಯ ಎಂಬುದನ್ನು ಯಾರೂ ಪ್ರಶ್ನಿಸಲಿಲ್ಲ. 'ಸಂಘ ಬಂದರೆ ಪ್ರಯೋಗಾಲಯ ಹಾಳಾಗುತ್ತದೆ' ಎನ್ನುವವರಿಗೆ ನನ್ನ ಪ್ರಶ್ನೆ: ಸಂಘವಿದ್ದ ಬಿಇಎಲ್‌ನಲ್ಲಿ ರಾಡಾರ್ ತಯಾರಾಗಲಿಲ್ಲವೆ? ಸಂಘವಿದ್ದ ಎಚ್‌ಎಂಟಿಯ ಗಡಿಯಾರ ನಮ್ಮಪ್ಪಂದಿರ ಕೈಮೇಲೆ ಮೂವತ್ತು ವರ್ಷ ಸರಿಯಾದ ಹೊತ್ತು ತೋರಿಸಲಿಲ್ಲವೆ?

ಇಲ್ಲಿಗೆ ಗುರುಶಿಷ್ಯ ಪರಂಪರೆಯವರು ಎದ್ದು ನಿಲ್ಲುತ್ತಾರೆ. ಜ್ಞಾನಕ್ಕೆ ಬೆಲೆ ಕಟ್ಟಬೇಡಿ, ಸಂಶೋಧನೆ ಒಂದು ತಪಸ್ಸು ಎನ್ನುತ್ತಾರೆ. ಪರಂಪರೆಯ ಮಾತು ಬಂದರೆ ಏಕಲವ್ಯನ ಮಾತೂ ಬರಬೇಕಾಗುತ್ತದೆ. ಕಲಿಸದ ಗುರು ಬೆರಳು ಕೇಳಿದ ಆ ಕತೆಯನ್ನು ಕುವೆಂಪು 'ಬೆರಳ್‌ಗೆ ಕೊರಳ್' ಎಂಬ ನಾಟಕ ಮಾಡಿದರು. ಬೆರಳಿಗೆ ಬದಲಾಗಿ ಕೊರಳು ತೆರಬೇಕಾಗುತ್ತದೆಂಬ ಎಚ್ಚರಿಕೆ ಅದರ ಹೆಸರಿನಲ್ಲೇ ಇದೆ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾದ ಮನುಷ್ಯ ಬರೆದ ನಾಟಕ ಅದು. ಇನ್ನು ಕಾಯಕದ ಮಾತು. ಕಾಯಕವೇ ದೊಡ್ಡದು, ಫಲ ಕೇಳಬೇಡಿ ಎಂದು ಉಪದೇಶಿಸುವವರು ಶರಣರನ್ನು ಅರ್ಧ ಓದಿದವರು. ಶರಣರ ಕಾಯಕದಲ್ಲಿ ದುಡಿದು ತಂದದ್ದು ದುಡಿದವನ ಕೈಗೇ ಬರುತ್ತಿತ್ತು, ಆಮೇಲೆ ದಾಸೋಹಕ್ಕೆ ಹೋಗುತ್ತಿತ್ತು. ಕೈಗೆ ಬಾರದೆ ಹೋದದ್ದು ದಾಸೋಹವಲ್ಲ, ಬಿಟ್ಟಿ.

ಇನ್ನೊಂದು ಪ್ರಸಂಗ ನಮ್ಮ ಊರಿನದೇ. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ, ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು, ಮುಂಬಯಿಯಲ್ಲಿ ಪದವಿ ಮುಗಿಸಿ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ನಿರ್ದೇಶಕರಾಗಿದ್ದ ರಾಮನ್ ಹೆಣ್ಣೆಂಬ ಕಾರಣಕ್ಕೆ ಬೇಡವೆಂದರು. ಆಕೆ ಬಿಡಲಿಲ್ಲ. ಕೊನೆಗೆ ಷರತ್ತಿನ ಮೇಲೆ ಸೇರಿಸಿಕೊಂಡರು: ಮೊದಲ ವರ್ಷ ಪೂರ್ಣ ವಿದ್ಯಾರ್ಥಿಯೆಂದು ಗಣಿಸುವುದಿಲ್ಲ, ಗೈಡ್ ಹೇಳಿದ ಹೊತ್ತಿನಲ್ಲಿ ದುಡಿಯಬೇಕು, ಗಂಡಸರ ಏಕಾಗ್ರತೆ ಕೆಡಿಸಬಾರದು. ಆಕೆ ಎಲ್ಲ ದಾಟಿ 1939ರಲ್ಲಿ ಕೇಂಬ್ರಿಜ್ಜಿನ ಡಾಕ್ಟರೇಟ್ ಪಡೆದರು. ನಾವು ಆಕೆಯ ಛಲವನ್ನು ಹೊಗಳುತ್ತೇವೆ, ಹೊಗಳಬೇಕಾದ್ದೇ. ಆದರೆ ಷರತ್ತುಗಳನ್ನು ನೋಡಿ. ಎಲ್ಲವೂ ಒಂದೇ ಕಡೆಯಿಂದ ಬರೆದವು. ಇಂದೂ ಪ್ರವೇಶದ ದಿನ ವಿದ್ಯಾರ್ಥಿಯಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ: ಹೀಗೆ ಮಾಡುತ್ತೇನೆ, ಹಾಗೆ ಮಾಡುವುದಿಲ್ಲ, ತಪ್ಪಿದರೆ ಹಣ ಹಿಂದಿರುಗಿಸುತ್ತೇನೆ. ಅಂದರೆ ಒಪ್ಪಂದವೆಂಬುದು ಈಗಾಗಲೇ ಇದೆ. ಇಲ್ಲದಿರುವುದು ಅದರಲ್ಲಿ ಸಂಸ್ಥೆಯ ಸಹಿ. ಸಂಘ ಕೇಳುವುದು ಆ ಸಹಿಯನ್ನು.

ಕಾನೂನಿನವರು ಹೇಳಬಹುದು: ಸಂಶೋಧಕ ಕಾರ್ಮಿಕನಲ್ಲ, ವಿಶ್ವವಿದ್ಯಾನಿಲಯ ಕಾರ್ಖಾನೆಯಲ್ಲ. ಇದಕ್ಕೂ ಉತ್ತರ ಬೆಂಗಳೂರಿನಲ್ಲೇ ಇದೆ. ನಮ್ಮ ಜಲಮಂಡಳಿಗೂ ಅದರ ನೌಕರ ಎ. ರಾಜಪ್ಪನವರಿಗೂ ನಡೆದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 1978ರಲ್ಲಿ ತೀರ್ಪಿತ್ತಿತು. ವಿ.ಆರ್. ಕೃಷ್ಣ ಅಯ್ಯರ್ ಬರೆದ ಆ ತೀರ್ಪು, ವಿಶ್ವವಿದ್ಯಾನಿಲಯ ಉದ್ಯಮವಲ್ಲ ಎಂದಿದ್ದ 1963ರ ದೆಹಲಿಯ ಪ್ರಕರಣವನ್ನು ಪಕ್ಕಕ್ಕೆ ತಳ್ಳಿತು. ಮಾಲೀಕ, ದುಡಿಯುವವ, ಇಬ್ಬರ ಸಹಕಾರದಿಂದ ವ್ಯವಸ್ಥಿತವಾಗಿ ನಡೆಯುವ ಕೆಲಸ, ಇಷ್ಟಿದ್ದರೆ ಅದು ಉದ್ಯಮ. ಲಾಭದ ಉದ್ದೇಶ ಇರಲಿ ಬಿಡಲಿ. ಇದರಿಂದ ಬೆಚ್ಚಿದ ಸರ್ಕಾರ 1982ರಲ್ಲಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳನ್ನು ಹೊರಗಿಡಲು ತಿದ್ದುಪಡಿ ತಂದಿತು. ಆದರೆ ಆ ಭಾಗವನ್ನು ಜಾರಿಗೆ ತರಲೇ ಇಲ್ಲ. 1988ರಲ್ಲಿ ಕೋರ್ಟು ಅಧ್ಯಾಪಕರು 'ವರ್ಕ್‌ಮನ್' ಅಲ್ಲ ಎಂದಿತು. 2017ರಲ್ಲಿ 1978ರ ತೀರ್ಪನ್ನು ಮತ್ತೆ ಪರಿಶೀಲಿಸಲು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು. 1947ರ ಕೈಗಾರಿಕಾ ವಿವಾದ ಕಾಯಿದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರಿನಲ್ಲಿ ಜಾರಿಗೆ ಬಂತು. ಅದು ದಾನಧರ್ಮದ ಸಂಸ್ಥೆಗಳನ್ನು ಹೊರಗಿಟ್ಟಿದೆ. ಶಿಕ್ಷಣವನ್ನು ಹೆಸರಿಸಿ ಹೊರಗಿಟ್ಟಿಲ್ಲ. ನುರಿತ ಕೆಲಸ, ತಾಂತ್ರಿಕ ಕೆಲಸ ಮಾಡುವವನು ಕಾರ್ಮಿಕ ಎಂಬ ಮಾತು ಹಳೆಯದರಲ್ಲೂ ಇತ್ತು, ಹೊಸದರಲ್ಲೂ ಇದೆ. ಹಾಗಾದರೆ ಹಗಲಿಡೀ ಯಂತ್ರ ನಡೆಸುವ ಸಂಶೋಧಕ ಯಾರು? ಸಂಬಳದ ವಿಚಾರಕ್ಕೆ ಅವನು ಅಧ್ಯಾಪಕನಲ್ಲ. ಸಂಘದ ವಿಚಾರಕ್ಕೆ ಕಾರ್ಮಿಕನಲ್ಲ. ಕೋರ್ಟು ಏನೇ ಹೇಳಲಿ, ಸಂಘ ಕಟ್ಟುವ ಹಕ್ಕು ಸಂವಿಧಾನದ 19ನೆಯ ವಿಧಿಯಲ್ಲಿದೆ. ಅದಕ್ಕೆ ಗೈಡಿನ ಅನುಮತಿ ಬೇಕೆಂದು ಅಲ್ಲಿ ಬರೆದಿಲ್ಲ.

'ಸಂಘ ಅಮೆರಿಕದಲ್ಲಿ ನಡೆದೀತು, ನಮ್ಮಲ್ಲಿ ನಡೆಯದು' ಎಂಬ ಮಾತೂ ಕೇಳಿದ್ದೇನೆ. ಅಲ್ಲೂ ಅದು ಆಕಾಶದಿಂದ ಉದುರಿದ್ದಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುವ ವಿದ್ಯಾರ್ಥಿಗಳು 1966ರಲ್ಲಿ ಸಂಘ ಕಟ್ಟಿದರು, 1970ರಲ್ಲಿ ಮುಷ್ಕರ ಹೂಡಿ ಮೊದಲ ಒಪ್ಪಂದ ಪಡೆದರು. ಖಾಸಗಿ ವಿಶ್ವವಿದ್ಯಾನಿಲಯಗಳು ದಶಕಗಟ್ಟಲೆ ಇದೇ ವಾದ ಹೂಡಿದವು: ಇವರು ವಿದ್ಯಾರ್ಥಿಗಳು, ನೌಕರರಲ್ಲ. 2016ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ಪ್ರಕರಣದಲ್ಲಿ ಅಲ್ಲಿನ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಮಂಡಳಿ ಒಬ್ಬನೇ ಮನುಷ್ಯ ವಿದ್ಯಾರ್ಥಿಯೂ ನೌಕರನೂ ಆಗಿರಬಲ್ಲ ಎಂದು ಹೇಳಿತು. ಇಷ್ಟು ಸರಳವಾದ ಮಾತಿಗೆ ಅಷ್ಟು ವರ್ಷ ಬೇಕಾಯಿತು. 2022ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ 48,000 ಮಂದಿ ಕೆಲಸ ನಿಲ್ಲಿಸಿದರು. ವರ್ಷದ ಕೊನೆಗೆ ಸಂಬಳ ಏರಿಸಿದ ಬರಹದ ಒಪ್ಪಂದದೊಂದಿಗೆ ಒಳಗೆ ಹೋದರು. ಅಲ್ಲಿ ವಿಜ್ಞಾನ ನಿಂತುಹೋಗಲಿಲ್ಲ. ನಮ್ಮ ಹೆಬ್ಬಾಳದಲ್ಲಿ ಎಂಎಸ್ಸಿ ಮುಗಿಸಿದವರು ಇಂದಿಗೂ ಅಂಥ ಕಡೆಗೇ ಅರ್ಜಿ ಹಾಕುತ್ತಾರೆ. ಅವರನ್ನು ಕಳಿಸಿಕೊಡುವಾಗ ನಮ್ಮ ಪ್ರೊಫೆಸರುಗಳು ಸಂಘ ಸೇರಬೇಡ ಎಂದು ಶಿಫಾರಸು ಪತ್ರದಲ್ಲಿ ಬರೆಯುವುದಿಲ್ಲವಷ್ಟೆ.

ನಮ್ಮ ಕಡೆಯ ಪಾಠವೂ ಒಂದಿದೆ, ಅದು ಕಹಿಯಾದದ್ದು. ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು 2021ರ ಡಿಸೆಂಬರಿನಿಂದ ತರಗತಿ ಬಹಿಷ್ಕರಿಸಿದರು. ತಿಂಗಳಿಗೆ 11,000, 13,000ದಲ್ಲಿ ಬದುಕುತ್ತಿದ್ದವರು. 'ಅತಿಥಿ' ಎಂಬುದೂ ಶಿಷ್ಯವೇತನದ ಅಕ್ಕನೋ ತಂಗಿಯೋ ಆದ ಪದ; ಹತ್ತು ವರ್ಷ ಮನೆಯಲ್ಲೇ ಇದ್ದು ಮನೆಗೆಲಸ ಮಾಡುವ ಅತಿಥಿಯನ್ನು ನೀವು ಬೇರೆಲ್ಲೂ ಕಾಣಲಾರಿರಿ. 2022ರ ಜನವರಿಯಲ್ಲಿ ಸರ್ಕಾರ ಗೌರವಧನವನ್ನು 26,000ದಿಂದ 32,000ದವರೆಗೆ ಏರಿಸಿತು. ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದ ಸುದ್ದಿ. ಆದರೆ ಅದೇ ಆದೇಶದಲ್ಲಿ ವಾರದ ಪಾಠದ ಅವಧಿ 15 ಗಂಟೆಗೆ ಏರಿತ್ತು. ಇರುವ ಗಂಟೆಗಳು ಅಷ್ಟೇ. ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಇಲ್ಲ. ಒಟ್ಟಿಗೆ ಬಿಸಿಲಲ್ಲಿ ಕೂತಿದ್ದವರಲ್ಲಿ ಕೆಲವರು ಒಳಗೆ ಹೋದರು, ಕೆಲವರು ಮನೆಗೆ ಹೋದರು. ಘೋಷಣೆಗೂ ಒಪ್ಪಂದಕ್ಕೂ ಇರುವ ವ್ಯತ್ಯಾಸ ಇದು. ಘೋಷಣೆಯನ್ನು ಮಂತ್ರಿ ಮಾಡುತ್ತಾನೆ, ನಾವು ಕೇಳಿಸಿಕೊಳ್ಳುತ್ತೇವೆ. ಒಪ್ಪಂದದಲ್ಲಿ ಪ್ರತಿ ಸಾಲನ್ನೂ ಎರಡು ಕಡೆಯವರು ಓದುತ್ತಾರೆ. ಹಣದ ಪಕ್ಕದಲ್ಲೇ ಗಂಟೆ ಎಷ್ಟು, ಜನ ಎಷ್ಟು ಎಂಬುದನ್ನೂ ಬರೆಸುತ್ತಾರೆ.

'ಹಣ ದೆಹಲಿಯದು, ನಮ್ಮ ಕೈಯಲ್ಲೇನಿದೆ' ಎನ್ನುವ ಕುಲಸಚಿವರಿಗೆ ಒಂದು ಮಾತು. ಮೊತ್ತ ನಿಮ್ಮ ಕೈಯಲ್ಲಿಲ್ಲ, ಒಪ್ಪೋಣ. ಅದನ್ನು ತುಟ್ಟಿಭತ್ಯೆಗೆ ಜೋಡಿಸಿ ಎಂದು ದೆಹಲಿಯನ್ನು ಸಂಘಗಳ ಒಕ್ಕೂಟ ಕೇಳಲಿ. ಆದರೆ ದೆಹಲಿಯ ಹಣ ತಡವಾದರೆ ಸಂಸ್ಥೆಯ ನಿಧಿಯಿಂದ ತಿಂಗಳ ಮೊದಲ ವಾರದಲ್ಲಿ ಕೊಟ್ಟು, ಬಂದಾಗ ಜಮಾ ಮಾಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ವಾರಕ್ಕೊಂದು ರಜಾದಿನ, ವರ್ಷಕ್ಕಿಷ್ಟು ರಜೆ ಎಂದು ಬರೆದುಕೊಡುವುದು ನಿಮ್ಮ ಕೈಯಲ್ಲಿದೆ. ಪಾಠ ಮತ್ತು ಪತ್ರಿಕೆ ತಿದ್ದುವ ಕೆಲಸ ವಾರಕ್ಕೆ ಇಷ್ಟು ಗಂಟೆ ಮೀರಕೂಡದು, ಗೈಡಿನ ಮನೆಗೆಲಸ ಯಾರಿಗೂ ಹೇಳಕೂಡದು ಎಂಬುದು ನಿಮ್ಮ ಕೈಯಲ್ಲಿದೆ. ಗೈಡ್ ಬದಲಿಸಿದರೆ ವೇತನ ಕಳೆದುಕೊಳ್ಳಬೇಕಾಗಿಲ್ಲ ಎಂಬ ಭರವಸೆ, ದೂರು ಕೇಳುವ ಸಮಿತಿಯಲ್ಲಿ ಸಂಶೋಧಕರೇ ಆರಿಸಿದ ಸದಸ್ಯರು, ರಾತ್ರಿ ಹತ್ತರ ಮೇಲೆ ಪ್ರಯೋಗಾಲಯ ಬಿಡುವ ಹೆಣ್ಣುಮಕ್ಕಳಿಗೆ ವಾಹನ, ರಾಸಾಯನಿಕ ತಾಗಿ ಕೈಸುಟ್ಟುಕೊಂಡವನಿಗೆ ಚಿಕಿತ್ಸೆಯ ಖರ್ಚು, ಇವುಗಳಿಗೆ ದೆಹಲಿಯ ಸಹಿ ಬೇಡ. ಯುಜಿಸಿ ನಿಯಮದಲ್ಲಿ ಪಿಎಚ್‌ಡಿಗೆ ಆರು ವರ್ಷದ ಗಡುವಿದೆ. ವೇತನ ಐದು ವರ್ಷಕ್ಕೆ ನಿಲ್ಲುತ್ತದೆ. ಆರನೆಯ ವರ್ಷ ಆ ಮನುಷ್ಯ ಗಾಳಿ ಕುಡಿದು ಪ್ರಬಂಧ ಬರೆಯಬೇಕೆ? ಅದಕ್ಕೂ ಒಪ್ಪಂದದಲ್ಲಿ ಒಂದು ಸಾಲು ಬೇಕು. ಪ್ರಾಜೆಕ್ಟಿನವರಿಗೂ, ವೇತನವಿಲ್ಲದವರಿಗೂ ಅದೇ ಕೆಲಸಕ್ಕೆ ಅದೇ ಕನಿಷ್ಠ ಹಣ, ಹಣ ಏರಿಸಿದ ನೆಪದಲ್ಲಿ ಸೀಟು ಇಳಿಸಕೂಡದು ಎಂಬ ಸಾಲುಗಳೂ ಬೇಕು. ಅತಿಥಿ ಉಪನ್ಯಾಸಕರು ಪಟ್ಟ ಪಾಡು ವ್ಯರ್ಥವಾಗಬಾರದಲ್ಲ.

ಕೊನೆಗೆ ಸಂಶೋಧಕ ಮಿತ್ರರಿಗೆ. ನಿಮ್ಮಲ್ಲಿ ಅನೇಕರಿಗೆ 'ಕಾರ್ಮಿಕ' ಎಂಬ ಪದ ಕೇಳಿದರೆ ಮುಜುಗರ. ನಾವು ವಿಜ್ಞಾನಿಗಳು, ಕೂಲಿಗಳಲ್ಲ ಎಂಬ ಭಾವ. ಕೈಕೆಲಸ ಕೀಳು, ತಲೆಕೆಲಸ ಮೇಲು ಎಂಬುದು ವಿಜ್ಞಾನ ಹೇಳಿಕೊಟ್ಟದ್ದಲ್ಲ, ಜಾತಿ ಹೇಳಿಕೊಟ್ಟದ್ದು. ಮನೆಯಲ್ಲಿ ಆಸ್ತಿ ಇರುವವನು ಏಳು ತಿಂಗಳು ಹಣ ಬರದಿದ್ದರೂ ತಪಸ್ಸು ಮುಂದುವರಿಸಬಲ್ಲ. ಕೂಲಿ ಮಾಡಿ ಓದಿಸಿದವರ ಮನೆಯಿಂದ ಬಂದ ಹುಡುಗಿ ಮೂರನೆಯ ತಿಂಗಳಿಗೇ ಊರಿನ ಬಸ್ಸು ಹತ್ತಬೇಕಾಗುತ್ತದೆ. ಹಣ ತಡವಾಗುವುದೆಂದರೆ ಯಾರು ವಿಜ್ಞಾನಿಯಾಗಬೇಕು, ಯಾರು ಆಗಬಾರದು ಎಂದು ಸದ್ದಿಲ್ಲದೆ ಆರಿಸುವುದು. ಮೀಸಲಾತಿ ತೆರೆದ ಬಾಗಿಲನ್ನು ಲೆಕ್ಕಪತ್ರ ವಿಭಾಗ ಮುಚ್ಚುತ್ತದೆ. ನೀವು ಮರ್ಯಾದೆಗೆ ಅಂಜಿ ಸಂಘ ಸೇರದಿದ್ದರೆ, ನಿಮ್ಮ ಪಕ್ಕದ ಮೇಜಿನವಳನ್ನು ಹೊರಗೆ ಕಳಿಸಿದವರ ಪೈಕಿ ನೀವೂ ಒಬ್ಬರು.

ಕರ್ನಾಟಕದ ಕಾಲೇಜುಗಳಲ್ಲಿ ಎಂಬತ್ತರ ದಶಕದ ಕೊನೆಗೆ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತವು. ಆಮೇಲೆ ಬಂದ ತಲೆಮಾರುಗಳಿಗೆ ಸಭೆ ಕರೆಯುವುದು, ನಡಾವಳಿ ಬರೆಯುವುದು, ಎದುರಿನವರ ಕಣ್ಣಿಗೆ ಕಣ್ಣಿಟ್ಟು ಮಾತಾಡುವುದು ಮರೆತುಹೋಗಿದೆ. ಆದರೂ ಐಟಿ ಕಂಪನಿಗಳ ಹುಡುಗರು ಇದೇ ಊರಿನಲ್ಲಿ 2017ರಲ್ಲಿ ಸಂಘ ನೋಂದಾಯಿಸಿದರು. ಕೊರಳಿಗೆ ಗುರುತಿನ ಪಟ್ಟಿ ಹಾಕಿಕೊಂಡವರಿಗೆ ಸಂಘ ಎಲ್ಲಿಯದು ಎಂದು ನಕ್ಕವರ ಬಾಯಿ ಮುಚ್ಚಿತು. ನಿಮಗೂ ಆಗುತ್ತದೆ. ಮುಂದಿನ ಏರಿಕೆಗಾಗಿ ಫಲಕ ಬರೆಯಲು ಇನ್ನೂ ವರ್ಷಗಳಿವೆ ಎಂದು ಕಾಯಬೇಡಿ. ಮೊದಲು ಜಿಕೆವಿಕೆಯವರು, ಜಕ್ಕೂರಿನವರು, ಯಶವಂತಪುರದವರು ಒಂದು ಭಾನುವಾರ ಒಂದೆಡೆ ಕೂತು ಬೇಡಿಕೆಯ ಪಟ್ಟಿ ಮಾಡಿ. ಆಮೇಲೆ ಸದಸ್ಯತ್ವದ ರಸೀದಿ ಪುಸ್ತಕ ಅಚ್ಚು ಹಾಕಿಸಿ. ಯಶವಂತಪುರದಲ್ಲಿ ಮುದ್ರಣಾಲಯಗಳಿಗೇನೂ ಕೊರತೆಯಿಲ್ಲ. ರಸೀದಿಯಲ್ಲಿ 'ಶಿಷ್ಯವೇತನ' ಎಂಬ ಪದ ಎಲ್ಲೂ ಬಾರದಂತೆ ಕರಡು ತಿದ್ದಿ ಕೊಡಿ.